ನೆರಳಿಲ್ಲದ ಮನೆಗಳು

ದೆಹಲಿ ಪಕ್ಕದ ಗಾಜಿಯಾಬಾದಿನ ಆಫೀಸಿನಲ್ಲಿ ನಮ್ಮ ಕೆಲಸ ಉಪಗ್ರಹದ ಚಿತ್ರದ ಮೇಲೆ ಮೌಸಿನಿಂದ ಗೆರೆ ಎಳೆಯುವುದು. ರಸ್ತೆಗೆ ಒಂದು ಲೇಯರ್, ಕಟ್ಟಡಕ್ಕೆ ಇನ್ನೊಂದು, ಖಾಲಿ ಜಾಗಕ್ಕೆ ಮತ್ತೊಂದು. ಯಾವ ಬಡಾವಣೆ, ಯಾವ ಗಲ್ಲಿ ಎಂದು ಯಾರೂ ಹೇಳುತ್ತಿರಲಿಲ್ಲ. ಚಿತ್ರದ ತುಂಡಿಗೊಂದು ನಂಬರು, ಅಷ್ಟೇ. ಇದು ಮನೆಯೋ ಅಲ್ಲವೋ ಎಂದು ಅನುಮಾನ ಬಂದರೆ ಸೂಪರ್‌ವೈಸರ್ ಹೇಳಿದ್ದೇ ವೇದವಾಕ್ಯ. ಹುಬ್ಬಳ್ಳಿಯವನು. ಅಲ್ಲಿ ನನ್ನ ಬಿಟ್ಟರೆ ಕನ್ನಡದವನು ಅವನೊಬ್ಬನೇ.

"ನೆರಳು ಬಿದ್ದದ ಏನ್ ನೋಡು. ಬಿದ್ದಿದ್ರ ಕಟ್ಟಡ, ಇಲ್ಲಂದ್ರ ಖಾಲಿ. ಚಲೋ!"

ಆ 'ಚಲೋ' ಹುಬ್ಬಳ್ಳಿಯದೋ ದೆಹಲಿಯದೋ, ಒಳ್ಳೆಯದು ಎಂದನೋ ಮುಂದೆ ಹೋಗು ಎಂದನೋ, ನನಗೆ ಕೊನೆಗೂ ತಿಳಿಯಲಿಲ್ಲ. ತಡವಾದರೆ ಕುರ್ಚಿಯ ಬೆನ್ನಿಗೆ ಒದೆಯುತ್ತಿದ್ದ. ಅವನ ಕಾಲು ಮುರಿಯ! ನಾನು ಕಣ್ಣು ಮುಚ್ಚಿ ಮುಂದೆ ಹೋಗುತ್ತಿದ್ದೆ.

ನನ್ನ ಬಾಡಿಗೆ ಕೋಣೆಗೆ ಒಬ್ಬಾಕೆ ರೊಟ್ಟಿ ಮಾಡಲು ಬರುತ್ತಿದ್ದಳು. ನಾನು ದೀದಿ ಅನ್ನುತ್ತಿದ್ದೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ರೈಲ್ವೆ ಹಳಿಯ ಪಕ್ಕದ ಕೊಳಚೆ ನಾಲೆಯ ದಂಡೆಯಲ್ಲಿ, ತಾನೇ ಇಟ್ಟಿಗೆ ಹೊತ್ತು ಕಟ್ಟಿದ ಗೂಡಿನಂಥ ಮನೆ ಅವಳದು. ಒಂದು ಬೆಳಿಗ್ಗೆ ತುಟಿ ಒಡೆದುಕೊಂಡು ಬಂದಳು.

"ಇವತ್ತು ಬುಲ್ಡೋಜರ್ ತರ್ತಾರಂತೆ ಭಯ್ಯಾ. ಗುರುತು ಹಾಕೋಕೆ ಬಂದ ಪಾಲಿಕೆಯವರಿಗೆ ಅಡ್ಡ ನಿಂತಿದ್ದಕ್ಕೆ ಹೊಡೆದರು. ನಕ್ಷೆಯಲ್ಲಿ ಇಲ್ಲಿ ಮನೆಯೇ ಇಲ್ಲ ಅಂತಾರೆ. ನಿಮ್ಮದು ನಕ್ಷೆ ಆಫೀಸಲ್ಲವಾ? ನನ್ನ ಮನೆ ಇದೆಯೋ ಇಲ್ಲವೋ ನೋಡಿ!" ಅವಳ ಹಿಂದಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು.

ಆಫೀಸಿಗೆ ಹೋಗಿ ಹಳಿ ಹಿಡಿದು ಹುಡುಕಿದೆ. ನಾಲೆ ಸಿಕ್ಕಿತು. ಅದರ ದಂಡೆಯುದ್ದಕ್ಕೂ 'ಖಾಲಿ ಜಾಗ', ಗೆರೆ ಎಳೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರು. ಆ ಲೇಯರ್ ತೆಗೆದು ಕೆಳಗಿನ ಚಿತ್ರ ನೋಡಿದೆ. ಒತ್ತೊತ್ತಾಗಿ ನೀಲಿ ತಾಡಪಾಲು ಹೊದೆಸಿದ ಮನೆಗಳು. ಮಧ್ಯಾಹ್ನ ತೆಗೆದ ಚಿತ್ರ, ಮನೆಯ ಮಾಡು ಎದೆಯೆತ್ತರ. ನೆರಳು ಎಲ್ಲಿಂದ ಬೀಳಬೇಕು? ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ.

ಸೂಪರ್‌ವೈಸರನ ಕಾಲರ್ ಹಿಡಿದು ಗೋಡೆಗೆ ಒತ್ತಿದೆ. "ನಿನ್ನ ನೆರಳಿನ ಮನೆ ಹಾಳಾಗ!"

ಅವನು ನನ್ನ ಮುಖಕ್ಕೆ ಗುದ್ದಿದ. "ಹುಚ್ಚ ಹಿಡದದೇನಲೇ? ಪಾಲಿಕೆಗೆ ಫೈಲ್ ಹೋಗಿ ತಿಂಗಳಾತು. ಗೆರಿ ಎಳದಾಂವ ನೀನು, ನಾನಲ್ಲ."

ಅದೇನೋ ನಿಜವೇ. ಮಾಡಿದ್ದುಣ್ಣೋ ಮಹರಾಯ. ಮೂಗಿನ ರಕ್ತ ಒರೆಸಿಕೊಂಡು ಕೂತು, ಒಂದೊಂದು ತಾಡಪಾಲಿನ ಸುತ್ತಲೂ ಗೆರೆ ಎಳೆದೆ. ಪ್ರಿಂಟ್ ತೆಗೆದುಕೊಂಡು ಓಡಿದೆ.

ಅಲ್ಲಿ ಆಗಲೇ ಬುಲ್ಡೋಜರ್ ಅರ್ಧ ದಂಡೆ ನುಂಗಿತ್ತು. ಕಲ್ಲು ಬೀಳುತ್ತಿದ್ದವು, ಲಾಠಿ ಬೀಳುತ್ತಿದ್ದವು. ಒಬ್ಬ ಮುದುಕ ಪಾತ್ರೆ ಅಪ್ಪಿಕೊಂಡು ಕೂತಲ್ಲೇ ಏಟು ತಿನ್ನುತ್ತಿದ್ದ. ಪಾಲಿಕೆಯ ಅಧಿಕಾರಿಯ ಮುಂದೆ ನನ್ನ ಕಾಗದ ಹಿಡಿದೆ. ಮೂಲೆಯಲ್ಲಿ ಅಚ್ಚಾಗಿದ್ದ ತಾರೀಖನ್ನು ನೋಡಿದ.

"ಅಚ್ಛಾ! ಇವತ್ತು ಹುಟ್ಟಿದ ಮನೆಗಳಾ ಇವು?" ಎಂದು ನಕ್ಕು ಹರಿದು ಹಾಕಿದ.

ದೀದಿ ನನ್ನನ್ನು ಕಂಡು ಓಡಿ ಬಂದಳು. "ಸಿಕ್ಕಿತಾ? ನನ್ನ ಮನೆ ಇದೆಯಾ?"

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. "ಇಲ್ಲ ದೀದಿ. ಖಾಲಿ ಅಂತ ಬರೆದವನು ನಾನೇ."

 ಅವಳು ಬಗ್ಗಿ ಅರ್ಧ ಇಟ್ಟಿಗೆ ಎತ್ತಿ ನನ್ನ ಹಣೆಗೆ ಬಡಿದಳು. ನಾನು ಕುಸಿದು ಕೂತೆ. ಕಣ್ಣೊಳಗೆ ರಕ್ತ ಇಳಿಯಿತು. ಕಾನ್‌ಸ್ಟೇಬಲ್ ಓಡಿ ಬಂದು ಅವಳ ಬೆನ್ನಿಗೆ ಲಾಠಿ ಬೀಸಿದ. ಒಂದು, ಎರಡು, ಮೂರು.

"ಹೊಡೀಬೇಡಿ! ನಾನೇ ಬಿದ್ದೆ, ಅವಳೇನೂ ಮಾಡಿಲ್ಲ" ಎಂದು ಕಿರುಚಿದೆ.

"ಸುಳ್ಳು!" ಎಂದು ಅವಳು ನನಗಿಂತ ಜೋರಾಗಿ ಕೂಗಿದಳು. "ಹೊಡೆದವಳು ನಾನೇ. ಬರೆದುಕೊಳ್ಳಿ!"

ಕಾನ್‌ಸ್ಟೇಬಲ್ ಜೇಬಿನಿಂದ ಪುಸ್ತಕ ತೆಗೆದು ಹೆಸರು ಕೇಳಿದ. ಹೇಳಿದಳು. ಗಂಡನ ಹೆಸರು ಕೇಳಿದ. ಅದನ್ನೂ ಹೇಳಿದಳು. ಅವಳ ಹಿಂದೆ ಅವಳ ಮನೆಯ ಕೊನೆಯ ಗೋಡೆ ಧೊಪ್ಪನೆ ಬಿತ್ತು.

"ಪತಾ?" ಎಂದು ವಿಳಾಸ ಕೇಳಿದ.

ಅವಳು ನನ್ನತ್ತ ಕೈ ಚಾಚಿದಳು. "ಅದನ್ನ ಇವನನ್ನೇ ಕೇಳಿ."

ಕಾನ್‌ಸ್ಟೇಬಲ್ ಪೆನ್ನು ಹಿಡಿದು ನನ್ನ ಕಡೆ ತಿರುಗಿದ.