ಬಾವಿಗೆ ಬಾಗಿದ ಮರ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ನಾನು ಮೊದಲಿನಿಂದಲೂ ನಗುವವಳು. ಆಸ್ಪತ್ರೆಯಲ್ಲಿ ದುಡಿದವರಿಗೆ ಅದನ್ನೆಲ್ಲ ನಂಬುವುದಕ್ಕೆ ಪುರುಸೊತ್ತಾದರೂ ಎಲ್ಲಿರುತ್ತದೆ ಹೇಳಿ. ಗಾಳಿ ಸೋಕಿದೆ ಎಂದು ಎತ್ತಿಕೊಂಡು ಬಂದವರ ಬಾಯಿಗೆ ಥರ್ಮಾಮೀಟರ್ ಇಟ್ಟು, ಇದು ಟೈಫಾಯಿಡ್ ಗಾಳಿ ಕಣ್ರೀ ಎಂದು ಎಷ್ಟು ಜನರನ್ನು ರೇಗಿಸಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲು ನನ್ನದೊಂದು ಸಂಕಟ ಹೇಳಿಬಿಡುತ್ತೇನೆ. ನನ್ನವ್ವ ತೀರಿಕೊಂಡಾಗ ನಾನಿನ್ನೂ ಎದೆಹಾಲು ಬಿಡದ ಕೂಸು. ಅವಳ ಹೆಸರು ಚಂದ್ರಮ್ಮ, ತವರು ಚಿಕ್ಕನಾಯಕನಹಳ್ಳಿ ಕಡೆ, ಇಷ್ಟು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ಅವಳನ್ನು ಮಣ್ಣು ಮಾಡಿದ ದಿನವೇ ಎರಡು ಮನೆಯವರಿಗೂ ಮಾತಿಗೆ ಮಾತು ಬೆಳೆದು, ಅಪ್ಪ ಆ ಕಡೆಯ ನಂಟನ್ನೇ ಕಡಿದುಕೊಂಡ. ಆಮೇಲೆ ಅಮ್ಮಸಂದ್ರಕ್ಕೆ ಬಂದು ಸಿಮೆಂಟ್ ಫ್ಯಾಕ್ಟರಿ ಸೇರಿದ, ಇನ್ನೊಂದು ಮದುವೆಯಾದ. ಚಿಕ್ಕಮ್ಮ ಒಳ್ಳೆಯವಳು, ನನ್ನನ್ನು ಒಂದು ದಿನವೂ ಬೇರೆ ಮಾಡಿ ನೋಡಲಿಲ್ಲ. ಆದರೂ ಅವ್ವನ ಮೇಲಿನ ಆಸೆ ಹೋಗಲಿಲ್ಲ. ಮುಖ ಮದುವೆಯ ಫೋಟೊದಲ್ಲಿ ಸಿಕ್ಕಿತು. ಸಿಗದೆ ಹೋದದ್ದು ಅವಳ ದನಿ. ಅದು ದಪ್ಪವೋ ತೆಳುವೋ, ನನ್ನನ್ನು ಹೇಗೆ ಕರೆಯುತ್ತಿದ್ದಳೋ, ಒಂದೂ ಗೊತ್ತಿಲ್ಲ. ಅಪ್ಪನನ್ನು ಕೇಳಿದರೆ, ಹೆಂಗಸಿನ ದನಿ ಇದ್ದಂಗಿತ್ತು ಎಂದು ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದ. ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ, ವಾರ್ಡಿನಲ್ಲಿ ಯಾವಳಾದರೂ ತಾಯಿ ಮಗುವನ್ನು ರಮಿಸುತ್ತಿದ್ದರೆ ನಾನು ಔಷಧಿಯ ಟ್ರೇ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಿದ್ದೆ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ತಿಂಗಳಿಗೊಂದು ಸಲ ಬೆಂಗಳೂರಿನಿಂದ ಒಬ್ಬ ಡಾಕ್ಟರು ರೈಲಿನಲ್ಲಿ ಬರುತ್ತಿದ್ದರು. ಅವರ ಜೊತೆ ಒಂದು ಉದ್ದನೆಯ ಪೆಟ್ಟಿಗೆ. ಅದರೊಳಗೆ ಕರಿಯ ಹಾವಿನ ಹಾಗೆ ಸುತ್ತಿಕೊಂಡ ಎಂಡೋಸ್ಕೋಪ್. ಬಾಯಿಂದ ಹೊಟ್ಟೆಯವರೆಗೆ ಅದನ್ನು ಇಳಿಸಿ, ಈ ತುದಿಯಲ್ಲಿ ಕಣ್ಣಿಟ್ಟು ಒಳಗಿನದನ್ನು ನೋಡುತ್ತಿದ್ದರು. ಈಗಿನ ಹಾಗೆ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತಿರಲಿಲ್ಲ. ನಮ್ಮ ಕಡೆಯವರು ಅದಕ್ಕೆ ಪೈಪು ಬಿಡೋದು ಎನ್ನುತ್ತಿದ್ದರು. ಆ ಹೆಸರು ಕೇಳಿಯೇ ಅರ್ಧ ಜನ ಬಸ್‌ಸ್ಟ್ಯಾಂಡಿನಿಂದ ಹಿಂದಕ್ಕೆ ಹೋಗುತ್ತಿದ್ದರು.

ಪೈಪು ಡಾಕ್ಟರದು, ಪೇಷೆಂಟು ನಮ್ಮದು. ಕಟ್ಟಿಸಿದ ಹಲ್ಲಿದ್ದರೆ ತೆಗೆಸಬೇಕು. ಗಂಟಲು ಮರಗಟ್ಟುವ ಔಷಧಿ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಮಂಡಿ ಮಡಿಸಿ, ಹಲ್ಲಿನ ನಡುವೆ ತೂತಿರುವ ಪ್ಲಾಸ್ಟಿಕ್ ಬಿಲ್ಲೆ ಕಚ್ಚಿಸಬೇಕು. ಕೆನ್ನೆಯ ಕೆಳಗೆ ಟವಲು ಇಡಬೇಕು, ಜೊಲ್ಲು ನುಂಗದೆ ಹೊರಗೆ ಹರಿಯಲು ಬಿಡಿ ಎಂದು ಹೇಳಿಕೊಡಬೇಕು. ಇದೆಲ್ಲ ಯಾರು ಬೇಕಾದರೂ ಕಲಿಯುತ್ತಾರೆ. ನಾನು ಕಲಿತದ್ದು ಇನ್ನೊಂದು. ಪೈಪು ಒಳಗಿರುವಾಗ ಪೇಷೆಂಟು ಮಾತಾಡುವ ಹಾಗಿಲ್ಲ, ಆದ್ದರಿಂದ ನಾವೇ ಮಾತಾಡುತ್ತಿರಬೇಕು. ನಾನು ಅವರ ತಲೆ ಹಿಡಿದುಕೊಂಡು ಕಿವಿಯ ಹತ್ತಿರ ಬಗ್ಗಿ, ಮೂಗಲ್ಲಿ ಉಸಿರಾಡಿ, ನಿಮ್ಮ ತೋಟಕ್ಕೆ ಹೋಗೋಣ ಬನ್ನಿ ಎಂದು ಶುರು ಮಾಡುತ್ತಿದ್ದೆ. ಬೇಲಿ ದಾಟಿದೆವು, ಕಾಲುವೆ ಬಂತು, ಮೊದಲನೇ ಮರ ಬಂತು, ಗರಿ ಬಿದ್ದಿದೆ ನೋಡಿ, ಹೀಗೆ. ನಮ್ಮ ಸೀಮೆಯಲ್ಲಿ ನಾಲ್ಕು ತೆಂಗಿನ ಮರ ಕಾಣದವರು ಯಾರಿದ್ದಾರೆ? ತೋಟದಲ್ಲಿ ನಡೆಯುತ್ತಾ ನಡೆಯುತ್ತಾ ಪೈಪು ಇಳಿದುಬಿಡುತ್ತಿತ್ತು.

ಆ ದಿನ ಬೆಳಿಗ್ಗೆ ಮೊದಲನೆಯವರಾಗಿ ಬಂದದ್ದು ಸಿದ್ದಗಂಗಮ್ಮ ಎಂಬ ಹೆಂಗಸು. ಐವತ್ತರ ಹತ್ತಿರದ ವಯಸ್ಸು, ಚಿಕ್ಕನಾಯಕನಹಳ್ಳಿಯಿಂದ ಆಚೆಯ ಊರು. ಅನ್ನನಾಳದಲ್ಲಿ ಏನೋ ಅಡ್ಡ ನಿಂತು ತಿಂಗಳುಗಳಿಂದ ಮುದ್ದೆ ಇಳಿಯುತ್ತಿರಲಿಲ್ಲ, ಬರೀ ಗಂಜಿಯಲ್ಲಿ ಜೀವ ಹಿಡಿದಿದ್ದರು. ಮೈ ಒಣಗಿ ಕಡ್ಡಿಯಾಗಿತ್ತು. ಜೊತೆಗೆ ಅವರ ಗಂಡ, ಮೆತ್ತಗಿನ ಮನುಷ್ಯ. ಏನೂ ತಿಂದಿಲ್ಲ, ಕುಡಿದಿಲ್ಲ ತಾನೆ ಎಂದು ಕೇಳಿದರೆ ಇಬ್ಬರೂ ಇಲ್ಲ ಎಂದರು. ನಾನು ಈ ಕಡೆಯವಳಲ್ಲವೇ, ಎಳನೀರು ಕುಡಿದ್ರಾ ಎಂದು ಬಿಡಿಸಿ ಕೇಳಿದೆ. ಕುಡಿದಿದ್ದೆ ಎಂದರು, ಹೊರಡುವ ಮುಂಚೆ, ಹೊಟ್ಟೆ ತುಂಬ. ಒಪ್ಪತ್ತಿನ ದಿನವೂ ಎಳನೀರು ನಡೆಯುತ್ತದಲ್ಲ, ಅದರಿಂದ ಉಪವಾಸ ಕೆಡುವುದುಂಟೆ ಎಂದು ಅವರಿಗೆ ಆಶ್ಚರ್ಯ. ಈ ತಪ್ಪು ನಮ್ಮಲ್ಲಿ ಪ್ರತಿ ತಿಂಗಳೂ ಒಬ್ಬರಾದರೂ ಮಾಡುತ್ತಿದ್ದರು. ಹೊಟ್ಟೆಯಲ್ಲಿ ನೀರಿದ್ದರೆ ವಾಂತಿಯಾಗಿ ಉಸಿರಿನ ನಾಳಕ್ಕೆ ಹೋಗುವ ಭಯ. ಡಾಕ್ಟರು ರೇಗಿ, ಅವರನ್ನು ಎಲ್ಲರಿಗಿಂತ ಕೊನೆಗೆ ಹಾಕಿದರು.

ಬೆಳಗಿನ ಹೊತ್ತು ತಲೆಯ ಹತ್ತಿರ ನಿಲ್ಲುವ ಪಾಳಿ ಇನ್ನೊಬ್ಬ ಸಿಸ್ಟರದು, ಮಧ್ಯಾಹ್ನ ನನ್ನದು. ಎಳನೀರು ಕುಡಿಯದೆ ಬಂದಿದ್ದರೆ ಸಿದ್ದಗಂಗಮ್ಮ ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಇದನ್ನು ನಾನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಅವರನ್ನು ಒಳಗೆ ಕರೆದಾಗ ಡಾಕ್ಟರಿಗೆ ರೈಲಿನ ಅವಸರ. ಔಷಧಿ ಹೊಡೆದೆವು, ಮಲಗಿಸಿದೆವು. ಪೈಪು ನಾಲಿಗೆಯ ಬುಡ ದಾಟುತ್ತಿದ್ದ ಹಾಗೆ ಸಿದ್ದಗಂಗಮ್ಮ ಅದನ್ನು ಕಿತ್ತೆಸೆದರು. ಎರಡನೆಯ ಸಲವೂ ಹಾಗೇ ಮಾಡಿದರು. ಆಗದಿದ್ದರೆ ಬೆಂಗಳೂರಿಗೇ ಬರಬೇಕಾಗುತ್ತದೆ ಎಂದರು ಡಾಕ್ಟರು. ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ ಸಣ್ಣದಾಯಿತು. ಬೆಂಗಳೂರಿಗೆ ಮಾತ್ರ ಬರಕಿಲ್ಲ, ಸತ್ತರೆ ತೋಟದಲ್ಲೇ ಸಾಯುತ್ತೇನೆ ಎಂದು ಸಿದ್ದಗಂಗಮ್ಮ ಮನೆಯಿಂದಲೇ ಹಟ ಹಿಡಿದು ಬಂದಿದ್ದರಂತೆ. ಇನ್ನೊಂದೇ ಒಂದು ಸಲ ನೋಡೋಣ ಸರ್ ಎಂದು ನಾನೇ ಡಾಕ್ಟರನ್ನು ಬೇಡಿಕೊಂಡೆ.

ಮತ್ತೆ ಮಲಗಿಸಿ, ತಲೆಯನ್ನು ನನ್ನ ಎದೆಗೆ ಒತ್ತಿಕೊಂಡು ಎಂದಿನಂತೆ ಶುರು ಮಾಡಿದೆ. ಬೇಲಿ, ಕಾಲುವೆ, ಮೊದಲನೇ ಮರ. ಬಾವಿಯ ಹತ್ತಿರ ಬಂದೆವು ಎಂದೆ. ಬಾವಿಯ ಮೇಲೆ ಒಂದು ಮರ ಬಾಗಿಕೊಂಡಿದೆ, ಅದರ ಮೇಲೆ ಕೂತರೆ ಕಾಲು ನೀರಿನ ಮೇಲೆ ತೂಗುತ್ತವೆ ಎಂದೆ. ಇದನ್ನು ಯಾಕೆ ಹೇಳಿದೆನೋ, ಬಾಯಿಗೆ ಬಂತು, ಹೇಳಿದೆ. ಆಗ ಪೈಪು ಗಂಟಲಿಗೆ ತಾಕಿ ಅವರು ಒದ್ದಾಡಿದರು. ನನ್ನ ಬಾಯಿಂದ ಮುಂದಿನ ಮಾತು ಬಂತು.

"ಅಳಬ್ಯಾಡ ಬುಡೇ. ಗೆಜ್ಜೆ ಬಿದ್ರೆ ಬಿತ್ತು. ನಾನ್ಯಾರ್ಗೂ ಹೇಳಕಿಲ್ಲ ಕಣೇ."

ಆಯಾ ಲಕ್ಷ್ಮಕ್ಕ ತಟ್ಟೆ ಹಿಡಿದುಕೊಂಡೇ ನನ್ನನ್ನು ತಿರುಗಿ ನೋಡಿದಳು. ನೋಡದೆ ಏನು ಮಾಡುತ್ತಾಳೆ? ನಾನು ಫ್ಯಾಕ್ಟರಿ ಕಾಲೋನಿಯಲ್ಲಿ ಬೆಳೆದವಳು, ಬುಡು ಗಿಡು ನನ್ನ ನಾಲಿಗೆಗೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪೇಷೆಂಟನ್ನು, ಅದೂ ತಾಯಿಯ ವಯಸ್ಸಿನವರನ್ನು, ನಾನು ಏಕವಚನದಲ್ಲಿ ಕರೆದವಳೇ ಅಲ್ಲ. ಯಾವ ಗೆಜ್ಜೆ, ಯಾರಿಗೆ ಹೇಳುವುದಿಲ್ಲ ಎಂದೆ, ನನಗೇ ಗೊತ್ತಿಲ್ಲ. ಆದರೆ ಸಿದ್ದಗಂಗಮ್ಮ ಒದ್ದಾಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಕಣ್ಣಿನಿಂದ ನೀರು ಇಳಿದು ಟವಲಿಗೆ ಹೋಗುತ್ತಿತ್ತು, ಮೈ ಮಾತ್ರ ಸಡಿಲ. ನನ್ನ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಪೈಪು ಸಲೀಸಾಗಿ ಇಳಿಯಿತು. ಡಾಕ್ಟರು ನೋಡಬೇಕಾದ್ದನ್ನು ನೋಡಿ, ಪರೀಕ್ಷೆಗೆ ಒಂದು ಚೂರು ತೆಗೆದುಕೊಂಡು ಸ್ಟೇಷನ್ನಿಗೆ ಓಡಿದರು.

ಪೈಪು ತೆಗೆದ ಮೇಲೆ ಗಂಟಲಿಗೆ ಅರಿವು ಬರುವವರೆಗೆ ತೊಟ್ಟು ನೀರೂ ಕೊಡುವ ಹಾಗಿಲ್ಲ, ಪಕ್ಕದಲ್ಲಿ ಒಬ್ಬರು ಕೂತಿರಬೇಕು. ನಾನೇ ಕೂತೆ. ಅವರು ಬಾಯಿ ಬಿಡಲಾಗದೆ ನನ್ನನ್ನೇ ನೋಡುತ್ತಿದ್ದರು. ನಾನು ನಾಡಿ ಹಿಡಿಯುವ ನೆಪದಲ್ಲಿ ತಲೆ ತಗ್ಗಿಸಿದ್ದೆ. ಕೊನೆಗೆ ಚಮಚದಲ್ಲಿ ಒಂದು ಗುಟುಕು ನೀರು ಕೊಟ್ಟು, ಕೆಮ್ಮಲಿಲ್ಲವಲ್ಲ ಎಂದು ಖಾತ್ರಿಯಾದ ಮೇಲೆ ಮಾತಾಡಬಹುದು ಎಂದೆ. ಅವರು ಮೊದಲು ಕೇಳಿದ್ದೇ ಇದು.

"ಯಾರ ಮಗಳವ್ವ ನೀನು?"

ಅಪ್ಪನ ಹೆಸರು ಹೇಳಿದೆ, ಗೊತ್ತಾಗಲಿಲ್ಲ. ಅವ್ವನ ಹೆಸರು ಹೇಳಿದೆ. ಸಿದ್ದಗಂಗಮ್ಮ ನನ್ನ ಎರಡು ಕೈಯನ್ನೂ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ಅಕ್ಕಪಕ್ಕದ ಮನೆಯ ಹುಡುಗಿಯರಂತೆ ಅವರಿಬ್ಬರೂ, ಒಂದೇ ವಾರಿಗೆ. ಅವ್ವನ ಮನೆಯ ತೋಟದ ಬಾವಿಗೆ ಒಂದು ತೆಂಗಿನ ಮರ ಬಾಗಿತ್ತಂತೆ. ಅದರ ಮೇಲೆ ಕೂತು ಕಾಲಾಡಿಸುವಾಗ ಸಿದ್ದಗಂಗಮ್ಮನ ಬೆಳ್ಳಿ ಗೆಜ್ಜೆ ಒಂದು ಕಳಚಿ ಬಾವಿಗೆ ಬಿತ್ತು. ಮನೆಯಲ್ಲಿ ಚರ್ಮ ಸುಲಿಯುತ್ತಾರೆ ಎಂದು ಅತ್ತಾಗ ಚಂದ್ರಿ ಹೇಳಿದ್ದು ಅದೇ ಮಾತು, ಅಕ್ಷರವೂ ವ್ಯತ್ಯಾಸವಿಲ್ಲ. ಗೆಜ್ಜೆ ದನ ಮೇಯಿಸುವ ಕಡೆ ಬಿದ್ದುಹೋಯಿತು ಎಂದು ಮನೆಯಲ್ಲಿ ಸುಳ್ಳು ಹೇಳಿದರಂತೆ. ಪಕ್ಕದಲ್ಲಿ ಕೂತಿದ್ದ ಗಂಡ, ನಂಗೂ ಹೇಳಿರ್ಲಿಲ್ಲ ಕಣವ್ವ ಇವಳು, ಎಂದು ಹೆಂಡತಿಯ ಮುಖವನ್ನೇ ನೋಡಿದರು.

ನನಗೆ ಬೇಕಾಗಿದ್ದದ್ದು ಗೆಜ್ಜೆಯ ಕತೆಯಲ್ಲ. ನಮ್ಮವ್ವನ ದನಿ ಹೇಗಿತ್ತು ಎಂದು ಕೇಳಿದೆ.

"ಅದುನ್ನ ನನ್ನ ಕೇಳ್ತೀಯಲ್ಲ," ಎಂದರು. "ಈಗ ನಿನ್ನ ಬಾಯಲ್ಲೇ ಕೇಳ್ದೆ. ಅವಳದೇಯ."

ಸಂಜೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಯ ಜೊತೆ ಮಾತಾಡಿದೆ. ಹುಚ್ಚಿಯ ಹಾಗೆ ಆ ಮಾತನ್ನೇ ತಿರುಗಿಸಿ ತಿರುಗಿಸಿ ಅಂದೆ. ಶಾಲೆಯ ನಾಟಕದಲ್ಲಿ ಹಳ್ಳಿಯವಳ ಪಾರ್ಟು ಮಾಡಿದ ಹಾಗಿತ್ತು. ನಮ್ಮ ದನಿ ನಮಗೆ ಹೊರಗಿನಿಂದ ಕೇಳುವುದಿಲ್ಲವಲ್ಲ. ಇಷ್ಟು ವರ್ಷ ಹುಡುಕಿದ್ದು ನನ್ನ ಗಂಟಲಲ್ಲೇ ಇದೆ ಎಂದು ಒಬ್ಬರು ಹೇಳಿದರು, ಅದನ್ನು ಕೇಳಲಾರದವಳು ನಾನೊಬ್ಬಳೇ. ಅಂದು ಅತ್ತಷ್ಟು ನಾನು ಯಾವತ್ತೂ ಅತ್ತಿಲ್ಲ.

ಚೂರಿನ ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ, ಹುಣ್ಣು ಮಾಗಿ ನಾಳ ಕಿರಿದಾಗಿತ್ತು. ಡಾಕ್ಟರು ಮುಂದಿನ ತಿಂಗಳುಗಳಲ್ಲಿ ಅದನ್ನು ಹಿಗ್ಗಿಸಿ ಸರಿ ಮಾಡಿದರು. ಮುದ್ದೆ ಇಳಿಯಲು ಶುರುವಾದ ಮೇಲೆ ಸಿದ್ದಗಂಗಮ್ಮ ಹಟ ಹಿಡಿದು ನನ್ನನ್ನು ಊರಿಗೆ ಕರೆಸಿಕೊಂಡರು. ಅವ್ವನ ಮನೆಯವರು ಯಾರೂ ಉಳಿದಿರಲಿಲ್ಲ, ತೋಟವನ್ನು ಸಿದ್ದಗಂಗಮ್ಮನ ಗಂಡನೇ ಕೊಂಡಿದ್ದರು. ಬಾವಿ ಇತ್ತು. ಮರ ಮುದಿಯಾಗಿ ಇನ್ನಷ್ಟು ಬಾಗಿತ್ತು, ಆದರೂ ಕಾಯಿ ಬಿಡುತ್ತಿತ್ತು. ಪೈಪು ಬಿಡಿಸಿಕೊಳ್ಳುವ ದಿನ, ಇನ್ನು ತಿರುಗಿ ಬರುತ್ತೇನೋ ಇಲ್ಲವೋ ಎಂದು ಅವರು ಕುಡಿದು ಬಂದಿದ್ದ ಎಳನೀರು ಈ ಮರದ್ದೇ ಎಂದು ಆಗ ತಿಳಿಯಿತು.

ನಾನು ತರ್ಕ ಬಿಡುವವಳಲ್ಲ. ಬಾವಿಗೆ ಬಾಗಿದ ಮರ ಯಾವ ತೋಟದಲ್ಲಿಲ್ಲ ಹೇಳಿ. ಗೆಜ್ಜೆಯ ವಿಷಯವನ್ನು ಅವ್ವ ನನಗೆ ಹಾಲು ಕುಡಿಸುತ್ತಾ ಹೇಳಿಕೊಂಡಿರಬಹುದು, ಅದು ತಲೆಯ ಯಾವುದೋ ಮೂಲೆಯಲ್ಲಿ ಕೂತಿರಬಹುದು ಎಂದು ಸಿದ್ದಗಂಗಮ್ಮನಿಗೆ ಹೇಳಿದೆ. ಹಂಗಾರೆ ಚಂದ್ರಿ ಮಾತು ತಪ್ಪಿದ್ಲು ಅಂತಾಯ್ತಲ್ಲ ಎಂದು ಮೊದಲು ಮುನಿದರು. ಆಮೇಲೆ, ಕೂಸಿಗೆ ಹೇಳಿದ್ರೆ ಹೇಳ್ದಂಗಾ ಬುಡು ಎಂದು ನಕ್ಕು, ಕೆಡವಿಟ್ಟ ಎಳನೀರು ಕೆತ್ತುವ ಮಚ್ಚು ತರಲು ತೋಟದ ಗುಡಿಸಲಿಗೆ ಹೋದರು.

ಒಬ್ಬಳೇ ಉಳಿದಾಗ ನಾನು ಬಾವಿಯ ಕಟ್ಟೆಗೆ ಬಗ್ಗಿದೆ. ಆಳದಲ್ಲಿ ಕಪ್ಪಗೆ ನೀರು. ನಮ್ಮ ದನಿ ನಮಗೆ ಹೊರಗಿನಿಂದ ಕೇಳುವ ಜಾಗ ಇದೊಂದೇ ಎಂದು ಹೊಳೆಯಿತು. ಅವ್ವಾ ಎಂದು ಕೂಗಿದೆ. ಹುಟ್ಟಿದಾಗಿನಿಂದ ಯಾರನ್ನೂ ಹಾಗೆ ಕೂಗಿರಲಿಲ್ಲ. ಒಳಗಿನಿಂದ ದನಿ ತಿರುಗಿ ಬಂತು. ನಾನು ಅಂದುಕೊಂಡದ್ದಕ್ಕಿಂತ ಸ್ವಲ್ಪ ದಪ್ಪನೆಯ, ಬೆಚ್ಚನೆಯ ದನಿ.

ಅಷ್ಟರಲ್ಲಿ ಗುಡಿಸಲ ಕಡೆಯಿಂದ ಸಿದ್ದಗಂಗಮ್ಮ ಓಗೊಟ್ಟರು. "ಬಂದೆ ತಡಿಯೇ!"

ನನ್ನನ್ನು ಅವರು ಅವ್ವ ಎಂದೇ ಕರೆಯುತ್ತಿದ್ದುದು, ಗೆಳತಿಯ ಹಾಗೆ ಮಾತಿನ ಕೊನೆಗೆ ಏ ಹಚ್ಚಿ ಒಂದು ದಿನವೂ ಕರೆದವರಲ್ಲ. ಮಚ್ಚು ಹಿಡಿದುಕೊಂಡು ಹುಡುಗಿಯ ಹಾಗೆ ದಾಪುಗಾಲು ಹಾಕಿ ಬಂದರು, ನನ್ನನ್ನು ಕಂಡು ನಿಂತರು. ಸಿದ್ದೀ ಅಂತ ಕೂಗಿದ್ಯಲ್ಲವ್ವ, ಎಂದರು. ಇಲ್ಲ, ನಾನು ಕೂಗಿದ್ದು ಅವ್ವಾ ಅಂತ ಎಂದೆ. ಅವರು ಬಾವಿಯ ಕಡೆ ಒಮ್ಮೆ ನೋಡಿದರು. ಎಳನೀರು ಕೆತ್ತಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಕುಡಿದೆವು.

ಅವರು ಈಗಿಲ್ಲ. ನನಗೂ ವಯಸ್ಸಾಯಿತು. ಇದು ಏನು ಎಂದು ಇಂದಿಗೂ ನನಗೆ ಹೇಳಲು ಬರುವುದಿಲ್ಲ. ಆ ದಿನ ಬಾವಿಗೆ ಇನ್ನೊಂದು ಸಲ ಕೂಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೂಗಬೇಕೆಂದು ಬಾಯಿ ತೆರೆದಿದ್ದೆ. ಎರಡನೆಯ ಸಲ ಬರೀ ನನ್ನ ದನಿಯೇ ಬಂದುಬಿಟ್ಟರೆ ಎಂದು ಹೆದರಿಕೆಯಾಯಿತು, ಸುಮ್ಮನಾದೆ.