ಕೂಡದ ಕಂಸಗಳು

ನಾನು ಕನ್ನಡ ಮೇಷ್ಟ್ರು. ಗಣಿತದ ಪರೀಕ್ಷೆಗೆ ಗಣಿತ ಕಲಿಸದವರನ್ನೇ ಕೊಠಡಿ ಮೇಲ್ವಿಚಾರಣೆಗೆ ಹಾಕಬೇಕೆಂಬ ನಿಯಮ ಇದ್ದಿದ್ದರಿಂದ ಚನ್ನಗಿರಿಗೆ ಹೋಗಿದ್ದೆ. ಹತ್ತನೇ ತರಗತಿಯ ಮಕ್ಕಳಿಗೆ ಒಂದು ಟ್ರಸ್ಟ್ ನಡೆಸಿದ ಪರೀಕ್ಷೆ ಅದು. ಮೊದಲ ಸ್ಥಾನ ಪಡೆದವರಿಗೆ ಪಿಯುಸಿ ಸೈನ್ಸ್ ಸೀಟು, ಹಾಸ್ಟೆಲ್ ಎರಡೂ ಉಚಿತ.

ಪರೀಕ್ಷೆ ಶುರುವಾದ ಸ್ವಲ್ಪ ಹೊತ್ತಿಗೆ ಉಬ್ರಾಣಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಈ ತ್ರಿಭುಜ ಬರೆಯಾಕೆ ಆಗಲ್ಲ."

"ನಿಂಗೆ ಬರಲ್ವಾ?"

"ನಂಗಲ್ಲ ಸಾರ್, ಯಾರಿಗೂ ಆಗಲ್ಲ. ಬಾಹು ನಾಲ್ಕು, ಐದು, ಹತ್ತು ಸೆಂಟಿಮೀಟರ್ ಅಂತ ಐತೆ. ಕಂಸ ಕೂಡೋದೇ ಇಲ್ಲ, ನೋಡ್ರಿ."

ನೋಡಿದೆ. ಗೆರೆಯ ಎರಡು ತುದಿಯಿಂದ ಕೈವಾರದಲ್ಲಿ ಎಳೆದ ಕಂಸಗಳ ನಡುವೆ ಬೆರಳಗಲ ಜಾಗ ಉಳಿದಿತ್ತು. ಅಳಿಸಿ ಅಳಿಸಿ ಹಾಳೆ ತೆಳ್ಳಗಾಗಿತ್ತು. ಓಡಿಹೋಗಿ ಪರೀಕ್ಷೆಯ ಮುಖ್ಯಸ್ಥರನ್ನು ಕೇಳಿದೆ.

"ಪ್ರಶ್ನೆ ಬಗ್ಗೆ ನಾವು ಮಾತಾಡಂಗಿಲ್ಲ ಮೇಷ್ಟ್ರೇ. ಪ್ರಿಂಟಾಗಿದ್ದನ್ನ ಬರೀಲಿ," ಅಂದರು.

ಅದನ್ನೇ ಬಂದು ಹೇಳಿದೆ. ಅವಳು ಮತ್ತೆ ಕೈವಾರ ಹಿಡಿದಳು. 'ಅದನ್ನ ಬಿಟ್ಟು ಮುಂದಕ್ಕೆ ಹೋಗಮ್ಮ' ಅನ್ನುವ ಮಾತು ನಾಲಿಗೆ ತುದಿಗೆ ಬಂತು, ಹೇಳುವಂತಿರಲಿಲ್ಲ. ಗಂಟೆ ಹೊಡೆದಾಗ ಅವಳ ಕೊನೆಯ ಎರಡು ಲೆಕ್ಕ ಉಳಿದೇ ಹೋಗಿದ್ದವು.

ಬಾಗಿಲಲ್ಲಿ ಕೇಳಿದಳು: "ನಂದೇ ತಪ್ಪೇನು ಸಾರ್?"

"ಇಲ್ಲಮ್ಮ," ಅಂದೆ. ಆಗ ಹೇಳಿ ಏನು ಪ್ರಯೋಜನ?

ಆಮೇಲೆ ಟ್ರಸ್ಟಿನವರು ಪ್ರಶ್ನೆ ತಪ್ಪೆಂದು ಒಪ್ಪಿ, ಎಲ್ಲರಿಗೂ ಅದರ ಅಂಕ ಕೊಟ್ಟರು. ಸೀಟು ಮಾತ್ರ ಬೇರೆಯವರ ಪಾಲಾಯಿತು. ಅವಳು ಹತ್ತಿರದ ಕಾಲೇಜಲ್ಲಿ ಆರ್ಟ್ಸ್ ಸೇರಿದಳೆಂದು ಕೇಳಿದೆ.

ಉತ್ತರಪತ್ರಿಕೆ ಜೋಡಿಸುವಾಗ ನಾನೇ ನೋಡಿದ್ದೆ, ಕೆಲವು ಮಕ್ಕಳು ಆ ಕಂಸಗಳನ್ನು ಹೇಗೋ ಎಳೆದು ಕೂಡಿಸಿ ಚಂದದ ತ್ರಿಭುಜ ಬರೆದಿದ್ದರು. ಅವರಿಗೂ ಪೂರ್ತಿ ಅಂಕ.