ಡೊಳ್ಳಿನ ಎಡಮಗ್ಗುಲು

ಕಳೆದ ದೀಪಾವಳಿಯ ಪಾಡ್ಯದ ದಿನ, ಬಿಸಿಲು ಇನ್ನೂ ಗುಡಿಯ ಮೆಟ್ಟಿಲಿಗೆ ಬಂದಿರಲಿಲ್ಲ. ಸತ್ತಿ ಊರಿನ ಹೊರಗೆ ಬೀರದೇವರ ಗುಡಿಯ ಮುಂದಿನ ಬಯಲಿನಲ್ಲಿ, ಬೇವಿನ ಮರಕ್ಕೆ ಬೆನ್ನು ಕೊಟ್ಟು, ಗುಡಿಯ ಬಾಗಿಲಿಗೆ ಎದುರಾಗಿ ನಿಂತಿದ್ದೆ. ನನಗೂ ಡೊಳ್ಳುಗಳಿಗೂ ನಡುವೆ ಯಾರೂ ಇರಲಿಲ್ಲ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅದು ಕುರುಬರ ಡೊಳ್ಳಿನ ವಾಲಗ. ಸುತ್ತಲ ಊರುಗಳ ಡೊಳ್ಳುಗಳು ಒಂದೆಡೆ ಸೇರಿ, ದುಂಡಗೆ ನಿಂತು ದೇವರಿಗೆ ಸೇವೆ ಸಲ್ಲಿಸುವ ಕೂಟ. ನನ್ನನ್ನು ಕರೆದವರು ಕಾಕಾ. ರಕ್ತಸಂಬಂಧವೇನಿಲ್ಲ, ಕಬ್ಬು ಕಡಿದ ಮೇಲೆ ರಾಯಬಾಗದ ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ವರ್ಷವೂ ಕುರಿ ತರುಬುತ್ತಿದ್ದವರು. ಬೇಸಿಗೆಯಲ್ಲಿ ಲಕ್ವಾ ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿತ್ತು. ಡೊಳ್ಳಿಗೆ ಬಲಗೈಯಲ್ಲಿ ಕೋಲು ಬೇಕು, ಎಡಕ್ಕೆ ಬರಿಯ ಅಂಗೈ. ಬಾರಿಸುವಾಗ ಡೊಳ್ಳು ನೆಲಕ್ಕೆ ತಾಗಬಾರದೆಂಬುದು ಅವರಲ್ಲಿಯ ರೂಢಿ. ಹೊತ್ತು ಬಾರಿಸಲಾಗದವನು ಅದನ್ನು ಗುಡಿಗೆ ಒಪ್ಪಿಸಬೇಕು. ಅಲ್ಲಿಂದ ಅದು ಮರಳುವುದಿಲ್ಲ. ಕಾಕಾ ಅಂದು ಒಪ್ಪಿಸಲೆಂದೇ ಬಂದಿದ್ದರು.

ಹಬ್ಬಕ್ಕೆ ಮೊದಲು ಅವರನ್ನು ನೋಡಲು ಹೋದಾಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ್ದೆ. ಅಮೆರಿಕದ ಮೂಲನಿವಾಸಿಗಳ ಕೂಟ, ಪೌವೌ ಎನ್ನುತ್ತಾರೆ. ಬೇರೆ ಬೇರೆ ಬುಡಕಟ್ಟಿನವರು ಸೇರಿ ಕುಣಿಯುತ್ತಾರೆ. ಉಡುಗೆಯಿಂದ ಹದ್ದಿನ ಗರಿ ಬಿದ್ದರೆ ಕುಣಿತ ನಿಲ್ಲುತ್ತದೆ; ಮರ್ಯಾದೆಯಿಂದ ಅದನ್ನು ಎತ್ತಿದ ಮೇಲೆಯೇ ಮುಂದಿನದು. ಡೊಳ್ಳಿನ ಬಡಿತ ಅವರಿಗೆ ಎದೆಯ ಬಡಿತವಂತೆ. ಒಂದೇ ದೊಡ್ಡ ಡೊಳ್ಳಿನ ಸುತ್ತ ಕುಳಿತು ಹಲವರು ಬಡಿಯುತ್ತಿದ್ದರು.

“ನೆಲಕ್ಕ ಹಚ್ಯಾರಲ್ಲೋ ತಮ್ಮಾ?” ಕಾಕಾ ಗಾಬರಿಯಾದರು.

ಚಿತ್ರ ನಿಲ್ಲಿಸಿ ದೊಡ್ಡದು ಮಾಡಿದೆ. “ಇಲ್ಲ ಕಾಕಾ, ಗೂಟಕ್ಕ ತೂಗ ಹಾಕ್ಯಾರ.”

“ಹಂಗಾದ್ರ ಬಲ್ಲವ್ರ ಬಿಡು.”

ಕಾಕಾನ ಹೆಂಡತಿ, ನಾನು ಕಾಕಿ ಎನ್ನುವವರು, ಹಿಂದಿನಿಂದ ಇಣುಕಿದರು. “ಹೆಣ್ಣಮಕ್ಕಳು ಹಿಂದ ನಿಂತು ಹಾಡಾಕತ್ತಾರಲ್ಲ, ಅವ್ರು ಬಡಿಯಂಗಿಲ್ಲೇನ?”

“ಕೆಲವು ಕಡೆ ಬಡೀತಾರಂತ ಕಾಕಿ, ಕೆಲವು ಕಡೆ ಇಲ್ಲಂತ.”

“ನಮ್ದು ಬರೇ ಕೇಳೂದು.”

“ಕೇಳಿ ಕೇಳಿ ನನ್ನ ತಪ್ಪ ಹಿಡೀತಾಳ ಇಕಿ,” ಎಂದು ಕಾಕಾ ನಕ್ಕರು.

ಪಾಡ್ಯದ ದಿನ ಪೂಜಾರಿ ಡೊಳ್ಳಿಗಾಗಿ ಕೈ ಚಾಚಿದರು. ಕಾಕಾ ಕೊಡಲಿಲ್ಲ. “ಒಂದ ಸೇವಾ ಮಾಡಿ ಕೊಡ್ತೇನ್ರಿ,” ಎಂದು ಕಂಬಳಿಯ ಮೇಲೆ ಕುಳಿತರು. ಗೆಳೆಯರಿಬ್ಬರು ಹಗ್ಗ ಹಿಡಿದು ಡೊಳ್ಳನ್ನು ಅವರ ಮುಂದೆ ಎತ್ತಿ ನಿಂತರು.

“ಲೇ ಮುದುಕಾ, ಲಗೂ ಬಡಿ. ಡೊಳ್ಳ ನಿನಗಿಂತ ಭಾರ ಐತಿ,” ಎಂದ ಒಬ್ಬ.

ಕಾಕಾ ಕೋಲು ಬೀಸಿದರು. ಬಲಮಗ್ಗುಲು ನುಡಿಯಿತು, ಎಡಮಗ್ಗುಲು ಸುಮ್ಮನಿತ್ತು. ಮತ್ತೆ ಬೀಸಿದರು. ಉಳಿದ ಡೊಳ್ಳುಗಳು ನಿಂತುಬಿಟ್ಟಿದ್ದವು. ಬಡಿತದ ನಡುವಿನ ಆ ತೆರಪನ್ನು ಕೇಳಲಾಗದೆ ನಾನು ನೆಲ ನೋಡಿದೆ.

ತಲೆ ಎತ್ತಿದಾಗ ಕಾಕಿ ಹೆಂಗಸರ ಸಾಲಿನಿಂದ ಎದ್ದು ಬಂದಿದ್ದರು. ಸೆರಗು ಸಿಕ್ಕಿಸಿ, ಡೊಳ್ಳಿನ ಎಡಕ್ಕೆ ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಯಿಂದ ಬಡಿದರು. ಸರಿಯಾಗಿ ಆ ತೆರಪಿಗೇ ಬಿತ್ತು.

“ಏ, ಏನಿದು?” ಎಂದು ಅಥಣಿ ಕಡೆಯ ಹಿರಿಯರೊಬ್ಬರು ಕೂಗಿದರು. ಆ ವಾಲಗದಲ್ಲಿ ಹೆಂಗಸರು ಡೊಳ್ಳು ಮುಟ್ಟಿದ್ದಿಲ್ಲ.

ಕಾಕಿ ತಿರುಗಲಿಲ್ಲ. “ತಪ್ಪಿದ್ರ ಹೇಳ್ರಿ, ನಿಲ್ಲಸ್ತೇನಿ.”

ಒಂದು ಬಡಿತವೂ ತಪ್ಪಿರಲಿಲ್ಲ. ಪೂಜಾರಿ ಮುಷ್ಟಿಯಲ್ಲಿ ಭಂಡಾರ ಹಿಡಿದು ನಿಂತೇ ಇದ್ದರು. ಆಮೇಲೆ ಅವರು ಆ ಅರಿಸಿನವನ್ನು ಡೊಳ್ಳಿನ ಮೇಲೆ ಎರಚಿದರು. ಅರ್ಧ ಕಾಕಿಯ ಕೈಮೇಲೆ ಬಿತ್ತು. ಸುತ್ತಲ ಡೊಳ್ಳುಗಳು ಒಂದೊಂದಾಗಿ ಕೂಡಿಕೊಂಡವು.

ಸೇವೆ ಮುಗಿದ ಮೇಲೆ ಪೂಜಾರಿ ಮತ್ತೆ ಕೈ ಚಾಚಲಿಲ್ಲ. ಯಾಕೆಂದು ಕೇಳಿದೆ. “ನೆಲಕ್ಕ ತಾಗಿಲ್ಲಲ್ರಿ,” ಎಂದರು, ಅಷ್ಟೇ. ಡೊಳ್ಳು ಮನೆಗೆ ಹೋಯಿತು.

ಕಾಕಾ ಮಾಘದಲ್ಲಿ ತೀರಿಕೊಂಡರು. ಡೊಳ್ಳು ಈಗಲೂ ಅವರ ಮನೆಯ ಜಂತಿಗೆ ತೂಗುತ್ತಿದೆ. ಇದು ನಿಜವೇ ಎಂದು ಕೇಳಬೇಕೆನ್ನುವವರಿಗೆ, ಅಂದು ಹತ್ತಿರದಿಂದ ಕಂಡವರಲ್ಲಿ ಇನ್ನೂ ಇರುವವರು ಪೂಜಾರಿ, ಹಗ್ಗ ಹಿಡಿದ ಗೆಳೆಯರಿಬ್ಬರು, ‘ಏನಿದು’ ಎಂದು ಕೂಗಿದ ಹಿರಿಯರು. ಮತ್ತೆ ಕಾಕಿ.